ಸಕ್ಕರೆ ಬೇನೆಗೂ ಮರೆವಿಗೂ ಏನು ನಂಟು?

'ಅರವತ್ತಕ್ಕೆ ಅರಳುಮರಳು' ಎಂಬ ಮಾತು ಕೇಳುತ್ತಲೇ ನಾವೆಲ್ಲ ಬೆಳೆದವರು. ಮನೆಯ ಹಿರಿಯರು ಉಂಡು ಕೈ ತೊಳೆದ ಅರ್ಧ ಗಂಟೆಗೇ "ಯವ್ವಾ, ನನಗಿನ್ನೂ ಉಣ್ಣಾಕ ಹಾಕಿಲ್ಲಲ್ಲ?" ಎಂದರೆ "ವಯಸ್ಸಾತು ಬಿಡ್ರಿ" ಎಂದು ಸುಮ್ಮನಾಗುತ್ತೇವೆ. ಅದೇ ಮನೆಯ ಮಾಡದಲ್ಲಿ ಸಕ್ಕರೆ ಬೇನೆಯ ಗುಳಿಗೆ ಹತ್ತು ಹದಿನೈದು ವರ್ಷದಿಂದ ಇರುತ್ತವೆ. ಒಂದಕ್ಕೊಂದು ಸಂಬಂಧ ಇದ್ದೀತೆಂದು ನಮ್ಮ ಮುರಗೋಡದಂಥ ಊರಲ್ಲಿ ಯಾರೂ ಯೋಚಿಸುವುದಿಲ್ಲ. ಸಂಬಂಧವಿದೆ.

ಮೊದಲಿಗೆ ಒಂದು ಮಾತು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿನ ಮರೆವು. ಕನ್ನಡಕ ಯಾತಕ್ಕೆಂಬುದೇ ತಿಳಿಯದಿದ್ದರೆ ಅದು ರೋಗ. ಜರ್ಮನಿಯ ಡಾಕ್ಟರ್ ಅಲ್ಝೈಮರ್ 1906ರಲ್ಲಿ ತೀರಿಕೊಂಡ ಒಬ್ಬ ಹೆಣ್ಣುಮಗಳ ಮಿದುಳನ್ನು ಪರೀಕ್ಷಿಸಿ, ಅದರಲ್ಲಿ ಗಸಿಯಂಥ ಕಲೆಗಳನ್ನೂ ಗಂಟು ಬಿದ್ದ ಎಳೆಗಳನ್ನೂ ಕಂಡರು. ಆಕೆ ಆಸ್ಪತ್ರೆ ಸೇರಿದಾಗ ವಯಸ್ಸು ಬರೇ 51! ಅಂದಮೇಲೆ ಎಲ್ಲವನ್ನೂ ಮುಪ್ಪಿನ ಮೇಲೆ ಹಾಕುವುದು ಸರಿಯಲ್ಲ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಇಂಥ ಮರೆವಿನ ರೋಗಗಳಿವೆ ಎಂದು 2023ರಲ್ಲಿ ಅಂದಾಜು ಮಾಡಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಸಕ್ಕರೆ ಬೇನೆಯ ನಂಟು ಗೊತ್ತಾದದ್ದು ಹೇಗೆ? ಹಾಲೆಂಡಿನ ರಾಟರ್‌ಡ್ಯಾಮ್ ಊರಲ್ಲಿ ಆರು ಸಾವಿರಕ್ಕೂ ಹೆಚ್ಚು ಹಿರಿಯರನ್ನು ಗಮನಿಸುತ್ತ ಬಂದವರು, ಸಕ್ಕರೆ ಬೇನೆಯವರಿಗೆ ಮರೆವಿನ ರೋಗದ ಅಪಾಯ ಉಳಿದವರ ಹತ್ತಿರ ಹತ್ತಿರ ಎರಡು ಪಟ್ಟು ಎಂದು 1999ರಲ್ಲಿ ತಿಳಿಸಿದರು. ಲಂಡನ್ನಿನ ಸರಕಾರಿ ನೌಕರರ ಮೇಲೆ ನಡೆದ ಇನ್ನೊಂದು ಅಧ್ಯಯನ 2021ರಲ್ಲಿ ಹೇಳಿದ್ದು ನನಗೆ ಹೆಚ್ಚು ಮುಖ್ಯವೆನಿಸಿತು. ಬೇನೆ ಎಷ್ಟು ಬೇಗ ಬಂದರೆ ಮರೆವಿನ ಅಪಾಯ ಅಷ್ಟು ಹೆಚ್ಚು. ಅಂದರೆ ಈ ಸುದ್ದಿ ಅತ್ತೆಯವರಿಗಿಂತ ನಲವತ್ತೈದರ ಸೊಸೆಗೇ ಹೆಚ್ಚು ಬೇಕಾದದ್ದು.

ಒಳಗೆ ನಡೆಯುವುದೇನು ಅಂತೀರಾ? ಇನ್ಸುಲಿನ್ ಅಂದರೆ ರಕ್ತದ ಸಕ್ಕರೆಯನ್ನು ಮೈಯೊಳಗೆ ಸೇರಿಸುವ ರಸ ಎಂದಷ್ಟೇ ನಮಗೆ ಗೊತ್ತು. ಮಿದುಳು ತನಗೆ ಬೇಕಾದ ಸಕ್ಕರೆಯನ್ನು ಬಹಳಮಟ್ಟಿಗೆ ಇನ್ಸುಲಿನ್ನಿನ ಹಂಗಿಲ್ಲದೆ ತೆಗೆದುಕೊಳ್ಳುತ್ತದೆ. ಆದರೆ ನೆನಪನ್ನು ಕೂಡಿಸಿಡುವ ಭಾಗದ ಜೀವಕೋಶಗಳಿಗೆ ಅದೇ ಇನ್ಸುಲಿನ್ ಒಂದು ಕರೆಯಿದ್ದ ಹಾಗೆ; ಆ ಕರೆ ಮುಟ್ಟಿದರೆ ಅವು ಚುರುಕಾಗಿ ಕೆಲಸ ಮಾಡುತ್ತವೆ. ದಿನವಿಡೀ ಕೂಗಿದರೆ ಮಗ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತಾನಲ್ಲ, ರಕ್ತದಲ್ಲಿ ಇನ್ಸುಲಿನ್ ಸದಾ ಹೆಚ್ಚಾಗಿದ್ದರೆ ಜೀವಕೋಶಗಳೂ ಹಾಗೇ ಮೊಂಡಾಗುತ್ತವೆ. ಅಲ್ಝೈಮರ್ ರೋಗಿಗಳ ಮಿದುಳಲ್ಲಿ ಈ ಮೊಂಡುತನವನ್ನು ಕಂಡ ಅಮೆರಿಕದ ವಿಜ್ಞಾನಿಗಳು 2005ರಲ್ಲಿ ಅದಕ್ಕೆ 'ಮೂರನೇ ನಮೂನೆಯ ಸಕ್ಕರೆ ಬೇನೆ' ಎಂದೇ ಹೆಸರಿಟ್ಟರು. ಎಲ್ಲ ಡಾಕ್ಟರೂ ಆ ಹೆಸರನ್ನು ಒಪ್ಪುವುದಿಲ್ಲ.

ಇನ್ನೊಂದು ಸಂಗತಿ ಕೇಳಿ. ಕೆಲಸ ಮುಗಿದ ಇನ್ಸುಲಿನ್ನನ್ನು ಒಡೆದು ಹಾಕುವ ಕಿಣ್ವವೇ ಮಿದುಳಿನ ಆ ಗಸಿಯನ್ನೂ ಗುಡಿಸುತ್ತದೆ. ಕಸಬರಿಗೆ ಒಂದೇ, ಅಂಗಳ ಎರಡು. ಇನ್ಸುಲಿನ್ ತುಂಬಿಕೊಂಡರೆ ಕಿಣ್ವ ಅಲ್ಲಿಯೇ ಸಿಕ್ಕಿಬೀಳುತ್ತದೆ, ಗಸಿ ಹಾಗೇ ಕೂಡುತ್ತದೆ ಎಂಬುದು ವಿಜ್ಞಾನಿಗಳ ಒಂದು ಊಹೆ. ಜತೆಗೆ ಸಕ್ಕರೆ ಸಣ್ಣ ರಕ್ತನಾಳಗಳನ್ನು ಕೆಡಿಸುವುದು ಊಹೆಯಲ್ಲ, ಖಾತ್ರಿ. ಕಣ್ಣು, ಮೂತ್ರಪಿಂಡ ಕೆಡಿಸಿದ್ದು ಮಿದುಳನ್ನು ಬಿಟ್ಟೀತೆ?

ಹಾಗೆಂದು ಸಕ್ಕರೆ ಬೇನೆಯವರಿಗೆಲ್ಲ ಮರೆವು ಬರುತ್ತದೆಂದು ಅಂಜಬೇಡಿ. ಬಹಳ ಜನಕ್ಕೆ ಬರುವುದಿಲ್ಲ. ಮರೆವಿಗೆ ಸಕ್ಕರೆಯ ಔಷಧವೇ ಮದ್ದು ಎನ್ನುವವರನ್ನೂ ನಂಬಬೇಡಿ. ಮೂಗಿಗೆ ಸಿಂಪಡಿಸುವ ಇನ್ಸುಲಿನ್ 2020ರ ದೊಡ್ಡ ಪ್ರಯೋಗದಲ್ಲಿ ಫಲ ಕೊಡಲಿಲ್ಲ. ಈಗ ತೂಕ ಇಳಿಸಲು ಹೆಸರಾದ ಸೆಮಾಗ್ಲುಟೈಡ್ ಕೂಡ ಅಲ್ಝೈಮರ್ ಬೆಳೆಯುವುದನ್ನು ತಡೆಯಲಿಲ್ಲವೆಂದು 2025ರಲ್ಲಿ ತಿಳಿದುಬಂತು.

ನಮ್ಮ ನಾಡಿನಲ್ಲೂ ಈ ಕೆಲಸ ನಡೆದಿದೆ. ಮಾವಿನ ಹಣ್ಣಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ, ನಲವತ್ತೈದು ದಾಟಿದ 10,000 ಜನರ ನೆನಪು, ರಕ್ತ, ಊಟ-ಉಪಚಾರವನ್ನೆಲ್ಲ ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಶುರು ಮಾಡಿತು. ಇಷ್ಟು ದಿನ ಪರದೇಶದವರ ಲೆಕ್ಕವನ್ನೇ ನಾವು ನೆಚ್ಚಿಕೊಂಡಿದ್ದೆವು. ರೊಟ್ಟಿ-ಮುದ್ದೆ ತಿನ್ನುವವರ ಲೆಕ್ಕವೂ ಬರಲಿ.

ಅಡಿಗೆಮನೆಗೆ ಬರೋಣ. ನಮ್ಮದು ಕಬ್ಬಿನ ಸೀಮೆ. "ಸಕ್ಕರಿ ಬ್ಯಾಡ, ಬೆಲ್ಲ ನಡೀತೈತಿ" ಎಂಬ ಮಾತು ಮನೆಮನೆಯಲ್ಲಿದೆ. ಬೆಲ್ಲವೂ ರಕ್ತಕ್ಕೆ ಸಕ್ಕರೆಯೇ. ಜೋಳದ ರೊಟ್ಟಿ ಒಳ್ಳೆಯದು, ಆದರೆ ನಾಲ್ಕು ರೊಟ್ಟಿ ತಿಂದು ಮೇಲೆ ಅನ್ನ ಉಂಡರೆ ಜೋಳ ಏನು ಮಾಡೀತು? ಎರಡು ರೊಟ್ಟಿ, ತಾಟಿನ ಅರ್ಧ ಪಲ್ಯ (ಮೆಂತ್ಯ, ಪುಂಡಿ, ಹೀರೇಕಾಯಿ ಯಾವುದಾದರೂ ಸರಿ), ಒಂದು ಬಟ್ಟಲು ಕಾಳು, ಅಗಸಿ ಚಟ್ನಿ, ಮಜ್ಜಿಗೆ. ಪಲ್ಯ ಮೊದಲು, ರೊಟ್ಟಿ ಆಮೇಲೆ. ಉಂಡಮೇಲೆ ಹತ್ತು ಹದಿನೈದು ನಿಮಿಷ ಓಣಿಯಲ್ಲಿ ಅಡ್ಡಾಡಿ; ನೋಡುವವರು ನೋಡಲಿ. ಮೂವತ್ತು ದಾಟಿದವರಿಗೆ ಸಕ್ಕರೆ, ರಕ್ತದೊತ್ತಡದ ಪರೀಕ್ಷೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ಹೇಳುತ್ತಾರೆ.

ಈಗಾಗಲೇ ಮರೆವು ಶುರುವಾದ ಹಿರಿಯರಿದ್ದರೆ ಮಾತು ಬೇರೆ. ಅವರಿಗೆ ಹೆಚ್ಚಿದ ಸಕ್ಕರೆಗಿಂತ ಇಳಿದ ಸಕ್ಕರೆಯ ಭಯವೇ ದೊಡ್ಡದು. ಬೆಳಗಿನ ಗುಳಿಗೆ ನುಂಗಿದ್ದು ಮರೆತು ಮತ್ತೆ ನುಂಗುತ್ತಾರೆ, ಇಲ್ಲವೇ ನುಂಗಿ ಊಟ ಮರೆಯುತ್ತಾರೆ. ಏಕಾದಶಿ ಉಪವಾಸವನ್ನು ಮಾತ್ರ ಮರೆಯುವುದಿಲ್ಲ! ಬೆವರು, ನಡುಕ, ತೊದಲು ಮಾತು, ಇದ್ದಕ್ಕಿದ್ದಂತೆ ತಬ್ಬಿಬ್ಬು ಕಂಡರೆ ಅರಳುಮರಳು ಎಂದು ಕೂಡಬೇಡಿ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಹಿರಿಯರಿಗೆ ಸಕ್ಕರೆ ಎಷ್ಟಿರಬೇಕೆಂಬ ಲೆಕ್ಕವನ್ನು ಡಾಕ್ಟರು ಸ್ವಲ್ಪ ಸಡಿಲ ಬಿಡುತ್ತಾರೆ, ಕೇಳಿ ನೋಡಿ. ಮೆಟ್‌ಫಾರ್ಮಿನ್ ಗುಳಿಗೆ ವರ್ಷಗಟ್ಟಲೆ ತಗೊಂಡವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗುವುದುಂಟು. ಅದರಿಂದಲೂ ಮರೆವು ಬರುತ್ತದೆ, ಮತ್ತು ಬೇಗ ಗೊತ್ತಾದರೆ ಅದಕ್ಕೆ ಮದ್ದಿದೆ. ಆ ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸಿ. ಗುಳಿಗೆಯ ಡಬ್ಬಿಯನ್ನು ಅವರ ದಿಂಬಿನ ಹತ್ತಿರದಿಂದ ತೆಗೆದು ನಿಮ್ಮ ಸಾಸಿವೆ ಡಬ್ಬಿಯ ಪಕ್ಕ ಇಟ್ಟುಕೊಳ್ಳಿ, ಕೊಟ್ಟ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಕರಕೊಂಡು ಹೋಗುವಾಗ ಅವರ ಸಂಚಿಯಲ್ಲಿ ಮನೆಯ ಫೋನ್ ನಂಬರು ಬರೆದ ಚೀಟಿಯನ್ನೂ ನಾಲ್ಕು ಬಿಸ್ಕೀಟನ್ನೂ ಇಡಿ.