ಮೊದಲ ಪ್ರಶ್ನೆಗೂ ಪೀಠಿಕೆ ಬೇಕು

ಕಳೆದ ವರ್ಷ ನಮ್ಮ ಮೊದಲ ವರ್ಷದ ಪ್ರಶಿಕ್ಷಣಾರ್ಥಿಗಳನ್ನು ಎರಡು ದಿನಗಳ ವಿಚಾರ ಸಂಕಿರಣವೊಂದಕ್ಕೆ ಕರೆದೊಯ್ದಿದ್ದೆ. ಎಲ್ಲರೂ ಒಟ್ಟಿಗೇ ಹಿಂದಿನ ಸಾಲಿನಲ್ಲಿ ಕುಳಿತರು, ಒಟ್ಟಿಗೇ ಊಟ ಮಾಡಿದರು, ಪ್ರಮಾಣಪತ್ರ ಪಡೆದು ಬಸ್ ಹತ್ತಿದರು. ಇಪ್ಪತ್ತು ವರ್ಷ ಪಾಠ ಮಾಡಿದ ಶಿಕ್ಷಕರು ಪಕ್ಕದಲ್ಲೇ ಇದ್ದರೂ ಮಾತಾಡಿಸಿದವರು ಕಡಿಮೆ. "ಇಷ್ಟು ಸಂಕೋಚ ಇದ್ದರೆ ಮೇಷ್ಟರಾಗುವುದು ಹೇಗೆ?" ಎಂದು ಗದರಿದೆ.

ಮರುದಿನ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದಳು. "ನಾನು ಮಾತಾಡಿಸಿದೆ ಸರ್. ಯಾವ ಊರು ಅಂದರು, ಹೇಳಿದೆ. ಊರಲ್ಲಿ ಯಾವ ಕಡೆ, ಯಾರ ಪೈಕಿ ಅಂದರು. ಎದ್ದು ಬಂದುಬಿಟ್ಟೆ."

ನಾನು ಸಂಕೋಚ ಎಂದುಕೊಂಡದ್ದು ಸಂಕೋಚವಾಗಿರಲಿಲ್ಲ. ಆ ಪ್ರಶ್ನೆಗಳನ್ನು ನಾನೂ ಎಷ್ಟೋ ಸಲ ಕೇಳಿದ್ದೇನೆ. ಚಹಾ ವಿರಾಮದಲ್ಲಿ ಹೊಸ ಉಪನ್ಯಾಸಕರು ಸಿಕ್ಕರೆ "ಪರ್ಮನೆಂಟಾ, ಗೆಸ್ಟಾ?" ಎಂದೂ ಕೇಳಿದ್ದೇನೆ. ಊರು ಕೇಳುವುದು ನಮ್ಮ ಕಡೆಯ ಆತ್ಮೀಯತೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜ, ಆದರೆ ಉತ್ತರ ಹೇಳಿದ ಮೇಲೂ ಅದೇ ಮರ್ಯಾದೆ ಸಿಗುತ್ತದೆ ಎಂಬ ಧೈರ್ಯ ಇರುವವರಿಗೆ ಮಾತ್ರ ಅದು ಆತ್ಮೀಯತೆ.

ತರಗತಿಯಲ್ಲಿ ನಾವು ಹೀಗೆ ಮಾಡುವುದಿಲ್ಲ. ಪೀಠಿಕೆಯಲ್ಲಿ ಮಗುವನ್ನು "ನೀನು ಯಾರ ಮನೆಯವನು?" ಎಂದು ಕೇಳಿದರೆ ವೀಕ್ಷಕರು ಅಂಕ ಕಳೆಯುತ್ತಾರೆ. ಮಗುವಿಗೆ ಗೊತ್ತಿರುವ, ಆ ದಿನದ ಪಾಠಕ್ಕೆ ಕೂಡುವ ಪ್ರಶ್ನೆ ಬೇಕು. ಅಪರಿಚಿತ ಶಿಕ್ಷಕರೊಡನೆ ಮಾತು ತೆಗೆಯುವುದಕ್ಕೂ ಇದೇ ನಿಯಮ ಸಾಕು: ವ್ಯಕ್ತಿಯನ್ನು ಬಿಟ್ಟು ಕೆಲಸದ ಬಗ್ಗೆ ಕೇಳಬೇಕು.

ಸೂಕ್ಷ್ಮ ಬೋಧನೆಯ 36 ನಿಮಿಷಗಳ ಚಕ್ರ ನಮ್ಮ ಕೈಯಲ್ಲೇ ಇದೆ: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಈ ವರ್ಷ ಸಂಕಿರಣಕ್ಕೆ ಹೊರಡುವ ಮುನ್ನ ಒಂದು ಚಕ್ರವನ್ನು ಮಾತು ಆರಂಭಿಸುವುದಕ್ಕೇ ಮೀಸಲಿಟ್ಟೆವು. ಪ್ರತಿಯೊಬ್ಬರೂ ಅಭ್ಯಾಸ ಬೋಧನೆಯಲ್ಲಿ ತಾವು ಸೋತ ಒಂದು ಜಾಗವನ್ನು ಪ್ರಶ್ನೆಯಾಗಿಸಿಕೊಂಡು ಬರಬೇಕಿತ್ತು.

ಈಗ ಎರಡನೇ ವರ್ಷದಲ್ಲಿರುವ ಅದೇ ವಿದ್ಯಾರ್ಥಿನಿ ಊಟದ ಸಾಲಿನಲ್ಲಿ ಹಿರಿಯ ಶಿಕ್ಷಕಿಯೊಬ್ಬರನ್ನು ಕೇಳಿದಳು: "ಮೇಡಂ, ಋಣವನ್ನು ಋಣದಿಂದ ಗುಣಿಸಿದರೆ ಧನ ಯಾಕೆ ಎಂದು ಏಳನೇ ತರಗತಿಯ ಹುಡುಗ ಕೇಳಿದ. ನಿಯಮ ಹೇಳಿ ತಪ್ಪಿಸಿಕೊಂಡೆ. ನೀವು ಹೇಗೆ ಹೇಳುತ್ತೀರಿ?" ಅವರು ಅವಳ ನೋಟ್‌ಬುಕ್ಕಿನಲ್ಲಿ –3ರ ಮಗ್ಗಿ ಬರೆದರು. ಎರಡರಿಂದ ಗುಣಿಸಿದರೆ –6, ಒಂದರಿಂದ –3, ಸೊನ್ನೆಯಿಂದ 0. ಪ್ರತಿ ಹೆಜ್ಜೆಗೂ ಮೂರು ಹೆಚ್ಚುತ್ತಿದೆ. ಹಾಗಾದರೆ –1ರಿಂದ ಗುಣಿಸಿದರೆ? ಊರಿನ ಮಾತು ಬರಲೇ ಇಲ್ಲ.

ಒಂದು ತಾಲೀಮಿನಿಂದ ಎಲ್ಲ ಸರಿಹೋಗುತ್ತದೆ ಎನ್ನಲಾರೆ. ಹಳೆಯ ಪ್ರಶ್ನೆಗಳನ್ನು ಕೇಳುವವರು ಪ್ರಶಿಕ್ಷಣಾರ್ಥಿಗಳಲ್ಲ, ನಾವು. ಆದ್ದರಿಂದ ಆ 36 ನಿಮಿಷಗಳ ಅಭ್ಯಾಸಕ್ಕೆ ಬೋಧಕರೂ ಕೂರಬೇಕು. ಮುಂದಿನ ಸಲ ನಾನೇ ಮೊದಲು ಕೂರುತ್ತೇನೆ.