ಯಶವಂತಪುರವೂ ಪಕ್ಷದ ಅಪ್ಪಣೆಯೂ

ಶಾಸಕರನ್ನು ಪಕ್ಷದ ಅಪ್ಪಣೆಗೆ ಕಟ್ಟಿಹಾಕುವ ನಮ್ಮ ಕಾನೂನು ಯಾರನ್ನು ಕಟ್ಟುತ್ತದೆ, ಯಾರನ್ನು ಬಿಡುತ್ತದೆ ಎಂಬ ಸಂದೇಹವು, ಬೆಂಗಳೂರಿನ ಯಶವಂತಪುರ ಕ್ಷೇತ್ರದಲ್ಲಿ 2019ರಿಂದ ಈಚೆಗೆ ನಡೆದುದನ್ನು ನೋಡಿದವರಿಗೆ ಹುಟ್ಟದಿರದು. ಆ ಕ್ಷೇತ್ರದ ಶ್ರೀ ಎಸ್. ಟಿ. ಸೋಮಶೇಖರ್ ಅವರು 2018ರಲ್ಲಿ ಕಾಂಗ್ರೆಸ್ಸಿನ ಪರವಾಗಿ ಆರಿಸಿ ಬಂದವರು. 2019ರ ಜುಲೈ ತಿಂಗಳಲ್ಲಿ ಅವರೂ ಅವರ ಸಂಗಡಿಗರೂ ರಾಜೀನಾಮೆಯನ್ನಿತ್ತರು. ಅದೇ ತಿಂಗಳು 23ರಂದು ವಿಶ್ವಾಸಮತದ ಪ್ರಶ್ನೆ ಬಂದಾಗ ಪಕ್ಷದ ವಿಪ್ಪು ಇದ್ದರೂ ಸಭೆಗೆ ಬರಲಿಲ್ಲ. ಶ್ರೀ ಕುಮಾರಸ್ವಾಮಿಯವರ ಸರ್ಕಾರಕ್ಕೆ 99 ಮತಗಳೂ ವಿರುದ್ಧವಾಗಿ 105 ಮತಗಳೂ ಬಿದ್ದು, ಸರ್ಕಾರವು ಉರುಳಿತು.

ಸಭಾಧ್ಯಕ್ಷರಾದ ಶ್ರೀ ರಮೇಶ್ ಕುಮಾರ್ ಅವರು 17 ಮಂದಿಯನ್ನು ಅನರ್ಹರೆಂದು ಸಾರಿ, ಆ ವಿಧಾನಸಭೆಯ ಅವಧಿ ತೀರುವವರೆಗೂ ಮರಳಕೂಡದೆಂದು ವಿಧಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು; ಅವಧಿಯ ನಿರ್ಬಂಧವನ್ನು ಮಾತ್ರ, ಸಂವಿಧಾನವು ಸಭಾಧ್ಯಕ್ಷರಿಗೆ ಅಂಥ ಅಧಿಕಾರವನ್ನು ಕೊಟ್ಟಿಲ್ಲವೆಂದು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಶ್ರೀ ಸೋಮಶೇಖರ್ ಅವರು ಭಾರತೀಯ ಜನತಾ ಪಕ್ಷದ ಹುರಿಯಾಳಾಗಿ ಗೆದ್ದು, ಮರುವರ್ಷದ ಫೆಬ್ರುವರಿಯಲ್ಲಿ ಮಂತ್ರಿಗಳೂ ಆದರು. ಶಿಕ್ಷೆಯು ಐದು ತಿಂಗಳೂ ನಿಲ್ಲಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2024ರ ಫೆಬ್ರುವರಿ 27ರಂದು ರಾಜ್ಯಸಭೆಯ ಚುನಾವಣೆಯಲ್ಲಿ ಅವರು ತಮ್ಮ ಹೊಸ ಪಕ್ಷದ ಆದೇಶವನ್ನು ಮೀರಿ ಕಾಂಗ್ರೆಸ್ಸಿನ ಅಭ್ಯರ್ಥಿಗೆ ಮತವಿತ್ತರು. ಯಲ್ಲಾಪುರದ ಶ್ರೀ ಶಿವರಾಮ್ ಹೆಬ್ಬಾರ್ ಅವರು ಮತದಾನಕ್ಕೇ ಹೋಗಲಿಲ್ಲ. 2025ರ ಮೇ ತಿಂಗಳಲ್ಲಿ ಪಕ್ಷವು ಇಬ್ಬರನ್ನೂ ಆರು ವರ್ಷಗಳ ಕಾಲ ಉಚ್ಚಾಟಿಸಿತು. ಉಚ್ಚಾಟನೆಯಿಂದ ಶಾಸಕಸ್ಥಾನವು ಹೋಗಲಿಲ್ಲ. ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕನು ತನ್ನ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಲೇಬೇಕು. ತೋರಿಸಿ ಬೇರೆಯವರಿಗೆ ಹಾಕಿದರೆ ಅನರ್ಹತೆಯಿಲ್ಲ. ಈ ವಿಚಿತ್ರವನ್ನು ಕಂಡು ನಗಬೇಕೋ ಅಳಬೇಕೋ ನಮಗೆ ತಿಳಿಯದು.

ವ್ಯಕ್ತಿದೂಷಣೆಯು ನಮ್ಮ ಉದ್ದೇಶವಲ್ಲ. ಕೆಂಗೇರಿ, ತಾವರೆಕೆರೆಗಳವರೆಗೆ ಹಬ್ಬಿದ ಆ ಕ್ಷೇತ್ರದ ಮತದಾರರು 2013ರಿಂದ ನಾಲ್ಕು ಸಲ ಅವರನ್ನೇ ಆರಿಸಿದ್ದಾರೆ. ಆರಿಸುವ ಹಕ್ಕು ಅವರದು. ನಮ್ಮ ಆಕ್ಷೇಪವು ಕಾನೂನಿನ ಮೇಲೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷದ ಆದೇಶಕ್ಕೆ ವಿರುದ್ಧವಾಗಿ ಮತವಿತ್ತವನೂ, ಮತವೀಯದೆ ದೂರವುಳಿದವನೂ, ಪಕ್ಷವು ಹದಿನೈದು ದಿನಗಳೊಳಗೆ ಮನ್ನಿಸದಿದ್ದರೆ ಸ್ಥಾನವನ್ನು ಕಳೆದುಕೊಳ್ಳುತ್ತಾನೆ. ಸರ್ಕಾರದ ಅಳಿವು ಉಳಿವಿನ ಪ್ರಶ್ನೆಗೂ, ಯಾವುದೋ ಒಂದು ಸಣ್ಣ ಮಸೂದೆಗೂ ಅಲ್ಲಿ ಭೇದವಿಲ್ಲ. 1992ರಲ್ಲಿ ಕಿಹೊಟೊ ಹೊಲ್ಲೊಹಾನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಇಂಥ ಆದೇಶವು ವಿಶ್ವಾಸದ ಪ್ರಶ್ನೆಗೂ ಪಕ್ಷವು ಜನರ ಮುಂದಿಟ್ಟ ಮುಖ್ಯ ಕಾರ್ಯಕ್ರಮಕ್ಕೂ ಸೀಮಿತವಾಗಿರಬೇಕೆಂದು ಹೇಳಿತು. ಆ ಮಾತನ್ನು ಕಾನೂನಿನಲ್ಲಿ ಬರೆಯುವ ಶ್ರಮವನ್ನು ಯಾವ ಸರ್ಕಾರವೂ ತೆಗೆದುಕೊಂಡಿಲ್ಲ.

ವಿಪ್ಪೆಂಬ ಹೆಸರು ಇಂಗ್ಲೆಂಡಿನಿಂದ ಬಂದುದು. ಬೇಟೆನಾಯಿಗಳನ್ನು ಗುಂಪಿಗೆ ಸೇರಿಸುವ ಚಾವಟಿಗಾರನ ಹೆಸರು ಅದು. 2019ರ ಸೆಪ್ಟೆಂಬರಿನಲ್ಲಿ, ಎಂದರೆ ನಮ್ಮಲ್ಲಿ ಅನರ್ಹತೆಯ ವ್ಯಾಜ್ಯವು ನಡೆಯುತ್ತಿದ್ದಾಗಲೇ, ಪ್ರಧಾನಿ ಬೋರಿಸ್ ಜಾನ್ಸನ್ ಅವರು ವಿರುದ್ಧ ಮತವಿತ್ತ ತಮ್ಮ ಪಕ್ಷದ 21 ಸದಸ್ಯರನ್ನು ಪಾರ್ಲಿಮೆಂಟಿನ ಪಕ್ಷದಿಂದ ಹೊರಹಾಕಿದರು. ಒಬ್ಬರ ಸ್ಥಾನವೂ ಅದರಿಂದ ಹೋಗಲಿಲ್ಲ. ಹೆಸರನ್ನು ತಂದ ನಾವು ಚಾವಟಿಯನ್ನು ಕತ್ತಿಯಾಗಿ ಮಾಡಿಕೊಂಡೆವು.

ಆದರೂ ಇಂಗ್ಲೆಂಡಿನ ಪದ್ಧತಿಯನ್ನು ಇಡಿಯಾಗಿ ತರಬೇಕೆಂದು ನಾವು ಹೇಳುವುದಿಲ್ಲ. ಸರ್ಕಾರಗಳನ್ನು ಕೊಳ್ಳುವ ವ್ಯಾಪಾರವನ್ನು ಕಂಡ ರಾಜ್ಯಕ್ಕೆ ಅದು ಸಲ್ಲದು. ವಿಶ್ವಾಸಮತ, ಹಣಕಾಸಿನ ಮಸೂದೆ, ಪ್ರಣಾಳಿಕೆಯ ಮುಖ್ಯ ವಾಗ್ದಾನ, ಇಷ್ಟರಲ್ಲಿ ಆದೇಶವು ಕಟ್ಟುನಿಟ್ಟಾಗಿರಲಿ. ಉಳಿದ ಮಸೂದೆಗಳಲ್ಲಿ ಯಲಹಂಕದ ಸದಸ್ಯನು ತನ್ನ ಕೆರೆಗಳ ಹಿತವನ್ನು, ಹೆಬ್ಬಾಳದ ಸದಸ್ಯನು ತನ್ನ ರಸ್ತೆಗಳ ಹಿತವನ್ನು ಎಣಿಸಿ ಮತವೀಯಲಿ. ಸರ್ಕಾರವನ್ನು ಉರುಳಿಸಿ ಅನರ್ಹನಾದವನು ಉಪಚುನಾವಣೆಯಲ್ಲಿ ಗೆದ್ದರೂ ಆ ಸಭೆಯ ಅವಧಿ ಮುಗಿಯುವವರೆಗೆ ಮಂತ್ರಿಪದವಿಯನ್ನು ಹೊಂದಕೂಡದು. ತೀರ್ಪು ಕೊಡುವವರು ಸಭಾಧ್ಯಕ್ಷರಾಗಿರಬಾರದು. 2010ರಲ್ಲಿ ಶ್ರೀ ಬೋಪಯ್ಯನವರು ವಿಶ್ವಾಸಮತಕ್ಕೆ ಮುಂಚೆ 16 ಮಂದಿಯನ್ನು ಅನರ್ಹಗೊಳಿಸಿದುದನ್ನು ಮರುವರ್ಷ ಸುಪ್ರೀಂ ಕೋರ್ಟು ರದ್ದುಪಡಿಸಿತು. 2020ರಲ್ಲಿ ಅದೇ ಕೋರ್ಟು ಶಾಶ್ವತ ನ್ಯಾಯಮಂಡಲಿಯೊಂದನ್ನು ಪಾರ್ಲಿಮೆಂಟು ಆಲೋಚಿಸಬೇಕೆಂದು ಸೂಚಿಸಿತು.

ಇವಕ್ಕೆಲ್ಲ ಸಂವಿಧಾನದ ತಿದ್ದುಪಡಿಯು ಅಗತ್ಯ. ಅದನ್ನು ಕೋರುವ ಠರಾವನ್ನು ಕರ್ನಾಟಕದ ವಿಧಾನಸಭೆಯು ಮೊದಲು ಅಂಗೀಕರಿಸಬಹುದು. ಆ ದಿನ ಮಾತ್ರ ಯಾವ ಪಕ್ಷವೂ ತನ್ನವರಿಗೆ ವಿಪ್ಪು ಕೊಡದಿರಲಿ.