ಗುರುತಿನ ಉಂಗುರ

ಕಳೆದ ತಿಂಗಳು ಒಂದು ಸಂಜೆ ನಾವು ಪೇಟೆಯಿಂದ ಖಾರದ ಕಡಲೆಯ ಪೊಟ್ಟಣವೊಂದನ್ನು ತಂದೆವು. ತಿಂದು ಮುಗಿದ ಮೇಲೆ ಕಾಗದವನ್ನು ಬಿಡಿಸಿ ನೋಡಿದರೆ, ಅದು ಯಾರೋ ಹೆಂಗಸರ ಆಧಾರ್ ಕಾರ್ಡಿನ ನಕಲು! ಭಾವಚಿತ್ರ, ಹುಟ್ಟಿದ ದಿನ, ಮನೆಯ ವಿಳಾಸ, 12 ಅಂಕಿಗಳ ಸಂಖ್ಯೆ, ಎಲ್ಲವೂ ಎಣ್ಣೆಯ ಕಲೆಗಳ ನಡುವೆ ಸ್ಪಷ್ಟವಾಗಿ ಕಾಣುತ್ತಿದ್ದುವು. ಅದನ್ನು ಬಚ್ಚಲೊಲೆಗೆ ಹಾಕಿದೆವು. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಯಾತ್ರೆಯ ಕಾಲದಲ್ಲಿ ವಸತಿಗೃಹಗಳಲ್ಲಿಯೂ, ಸಿಮ್ ಕೊಂಡ ಅಂಗಡಿಯಲ್ಲಿಯೂ ನಾವು ಕೊಟ್ಟುಬಂದ ನಕಲುಗಳು ಈಗ ಎಲ್ಲಿವೆಯೋ!

ಕಾಳಿದಾಸನ ಶಾಕುಂತಲವನ್ನು ವಾಚಕರು ಸ್ಮರಿಸಿಕೊಳ್ಳಲಿ. ಉಂಗುರವು ಶಚೀತೀರ್ಥದಲ್ಲಿ ಜಾರಿಬಿದ್ದುದರಿಂದ, ಎದುರಿಗೆ ನಿಂತ ಪತ್ನಿಯನ್ನೇ ದುಷ್ಯಂತನು ಗುರುತಿಸದೆ ಹೋದನು. ಆದರೆ ಆ ಉಂಗುರವು ಒಂದೇ ಒಂದು. ಬೆರಳು ಬರಿದಾದುದು ಶಕುಂತಲೆಗೆ ಕಂಡಿತು. ನಮ್ಮ ಕಾಲದ ಉಂಗುರವಾದರೋ ನಮ್ಮ ಬೆರಳಿನಲ್ಲಿರುವಾಗಲೇ ನೂರು ಕಡೆ ನಕಲಾಗಿ ಸಂಚರಿಸುವುದು. ಕೈತಪ್ಪಿದುದು ನಮಗೆ ತಿಳಿಯುವುದೇ ಇಲ್ಲ.

ಗುರುತನ್ನು ತೋರಿಸುವುದು ಬೇರೆ, ಗುರುತನ್ನು ಒಪ್ಪಿಸಿಬಿಡುವುದು ಬೇರೆ. ಪಾಸ್‌ವರ್ಡು ಪರರಿಗೆ ತಿಳಿದರೆ ಮತ್ತೊಂದನ್ನು ಇಟ್ಟುಕೊಳ್ಳಬಹುದು. ಬೆರಳಚ್ಚು ಪರರ ಪಾಲಾದರೆ ಬದಲಿ ಬೆರಳುಂಟೆ?

ಇದು ಕೇವಲ ವೃದ್ಧರ ಅಂಜಿಕೆಯೆಂದು ತಿಳಿಯಬಾರದು. ಕರ್ಣಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ವ್ಯಾಜ್ಯದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. 2018ರ ಸೆಪ್ಟೆಂಬರಿನ ತೀರ್ಪು ಆಧಾರನ್ನು ಉಳಿಸಿತಾದರೂ, ಬ್ಯಾಂಕಿನ ಖಾತೆಗೂ ಮೊಬೈಲ್ ಸಂಖ್ಯೆಗೂ ಅದನ್ನು ಜೋಡಿಸಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿತು.

ಹಕ್ಕು ದೊರೆತರೆ ಸಾಲದು. ಅದನ್ನು ಬಳಸುವ ಜಾಣ್ಮೆಯೂ ಬೇಕು. ಸಂಖ್ಯೆಯ ಮೊದಲ 8 ಅಂಕಿಗಳನ್ನು ಮರೆಮಾಡಿ ಕಡೆಯ 4 ಅಂಕಿಗಳನ್ನು ಮಾತ್ರ ತೋರಿಸುವ ಪ್ರತಿಯು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿಯೇ ದೊರೆಯುವುದು. ನಿಜವಾದ ಸಂಖ್ಯೆಗೆ ಬದಲಾಗಿ ಹೇಳಬಹುದಾದ 16 ಅಂಕಿಗಳ ವರ್ಚುವಲ್ ಐಡಿಯೂ ಉಂಟು; ಹೊಸದನ್ನು ಪಡೆದೊಡನೆ ಹಳೆಯದು ನಿರುಪಯುಕ್ತವಾಗುವುದು. ಬೆರಳಚ್ಚಿಗೆ ಬೀಗ ಹಾಕಿಟ್ಟು, ಬೇಕಾದಾಗ ಮಾತ್ರ ತೆರೆಯುವ ಅನುಕೂಲವನ್ನೂ ಕಲ್ಪಿಸಿದ್ದಾರೆ. ಮೊಬೈಲಿಗೆ ಬರುವ ಓಟಿಪಿಯಾದರೋ ನಮ್ಮ ರುಜುವಿಗೆ ಸಮಾನವಾದುದು. ಎಷ್ಟೇ ನಯವಾಗಿ ಕೇಳಿದರೂ ಅದನ್ನು ಫೋನಿನಲ್ಲಿ ಪರರಿಗೆ ಹೇಳತಕ್ಕದ್ದಲ್ಲ.

ಮೊನ್ನೆ ಒಂದು ವಸತಿಗೃಹದಲ್ಲಿ ಗುಮಾಸ್ತನು ಪೂರ್ಣ ನಕಲನ್ನೇ ಕೇಳಿದನು. “ಏತಕ್ಕೆ?” ಎಂದು ನಾವು ವಿನಯದಿಂದಲೇ ವಿಚಾರಿಸಿದೆವು. “ಎಲ್ಲರೂ ಕೊಡುತ್ತಾರೆ, ಸ್ವಾಮಿ” ಎಂದನು. ಅದಕ್ಕಿಂತ ಬೇರೆ ಕಾರಣ ಅವನಿಗೂ ತಿಳಿದಿರಲಿಲ್ಲ. ಅಂಕಿಗಳನ್ನು ಮರೆಮಾಡಿದ ಪ್ರತಿಯ ಮೇಲೆ ತಾರೀಖನ್ನೂ ಉದ್ದೇಶವನ್ನೂ ಬರೆದುಕೊಟ್ಟೆವು, ಸುಮ್ಮನೆ ತೆಗೆದಿರಿಸಿಕೊಂಡನು.

‘ಏತಕ್ಕೆ’ ಎಂಬ ಈ ಮೂರಕ್ಷರದ ಪ್ರಶ್ನೆಯನ್ನು ಮನೆಯ ಹಿರಿಯರು ತಾವೂ ಕಲಿತು ಮಕ್ಕಳಿಗೂ ಕಲಿಸಬೇಕು. ಪೊಟ್ಟಣದ ಕಾಗದದಲ್ಲಿ ನಾವು ಕಂಡ ಆ ತಾಯಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲವೆಂದು ತೋರುತ್ತದೆ.